ಕೊನೆಯ ಎಳೆ: 'ದಿ ವಾರ್ ವ್ಯಾಗನ್' ಚಿತ್ರದ ಇಬ್ಬರು ವೈರಿಗಳ ಪ್ರಕರಣ

ಅಕ್ಕಪಕ್ಕ ನಿಂತ ಇಬ್ಬರು ಬಂದೂಕುಗಾರರ ಎದುರಿಗೆ ಇನ್ನಿಬ್ಬರು. ನಾಲ್ವರ ಕೈಯೂ ಸೊಂಟದ ಹತ್ತಿರವೇ ಇದೆ. ಎರಡು ಗುಂಡುಗಳು ಒಂದೇ ಗುಂಡೋ ಎಂಬಂತೆ ಹಾರುತ್ತವೆ, ಎದುರಿನವರಿಬ್ಬರೂ ಉರುಳುತ್ತಾರೆ. ಗೆದ್ದವರು ಪರಸ್ಪರ ಬೆನ್ನು ತಟ್ಟಿಕೊಳ್ಳುವುದಿಲ್ಲ. ತಾನು ಹೊಡೆದವನೇ ಮೊದಲು ನೆಲ ಮುಟ್ಟಿದ ಎಂದು ಒಬ್ಬ ಹೇಳುತ್ತಾನೆ. ತಾನು ಹೊಡೆದವನು ಹೆಚ್ಚು ಎತ್ತರದ ಆಳು ಎಂದು ಇನ್ನೊಬ್ಬ ಉತ್ತರಿಸುತ್ತಾನೆ.

1967ರಲ್ಲಿ ಯೂನಿವರ್ಸಲ್ ಸಂಸ್ಥೆ ಬಿಡುಗಡೆ ಮಾಡಿದ 'ದಿ ವಾರ್ ವ್ಯಾಗನ್' ಚಿತ್ರವನ್ನು ನೋಡಿದವರೆಲ್ಲ ನೆನಪಿಟ್ಟುಕೊಂಡಿರುವುದು ಈ ಎರಡು ಮಾತುಗಳನ್ನು. ಹಾಲಿವುಡ್ ನಟರಾದ ಜಾನ್ ವೇಯ್ನ್ ಮತ್ತು ಕರ್ಕ್ ಡಗ್ಲಸ್ ನಡುವಿನ ಈ ಸಣ್ಣ ಪೈಪೋಟಿಗೆ ನಾವು ನಗುತ್ತೇವೆ. ನಾನು ಮೊದಲ ಸಲ ನಕ್ಕು ಸುಮ್ಮನಾದೆ. ಎರಡನೆಯ ಸಲ ನೋಡುವಾಗ, ಇಡೀ ಚಿತ್ರದ ಬೀಜ ಈ ಎರಡು ಸಾಲುಗಳಲ್ಲೇ ಇದೆ ಎನಿಸಿತು. ಇವರಿಬ್ಬರೂ ಒಬ್ಬರನ್ನೊಬ್ಬರು ನಂಬಿಲ್ಲ, ಕೊನೆಯವರೆಗೂ ನಂಬುವುದಿಲ್ಲ. ಆದರೂ ಅವರ ಕೂಡುಕೆಲಸ ಮುರಿಯುವುದಿಲ್ಲ. ಅದೇ ಗುಂಪಿನಲ್ಲಿ ಬೇರೆ ಕಡೆ ನಂಟು ಮುರಿಯುತ್ತದೆ, ನೆತ್ತರು ಹರಿಯುತ್ತದೆ. ನಂಬಿಕೆಯೇ ಇಲ್ಲದ ಒಪ್ಪಂದ ಹೇಗೆ ಉಳಿಯಿತು, ಉಳಿಯಬೇಕಾಗಿದ್ದ ಒಪ್ಪಂದ ಏಕೆ ಮುರಿಯಿತು ಎಂಬುದೇ ನನ್ನ ಮುಂದಿರುವ ಪ್ರಕರಣ.

ಗುಂಡು ಹೊಡೆದವನನ್ನೇ ಕರೆದು

ಟಾ ಜಾಕ್ಸನ್ (ವೇಯ್ನ್) ಎಂಬಾತ ಜೈಲಿನಿಂದ ಹೊರಬಂದಿದ್ದಾನೆ. ಅವನ ಜಮೀನಿನಲ್ಲಿ ಚಿನ್ನ ಸಿಕ್ಕಿತ್ತು. ಅದರ ಮೇಲೆ ಕಣ್ಣು ಹಾಕಿದ ಫ್ರಾಂಕ್ ಪಿಯರ್ಸ್ ಸುಳ್ಳು ಆರೋಪ ಹೊರಿಸಿ ಅವನನ್ನು ಸೆರೆಗೆ ತಳ್ಳಿಸಿದ. ಜಮೀನು, ಮನೆ, ಗಣಿ ಎಲ್ಲವನ್ನೂ ತನ್ನದಾಗಿಸಿಕೊಂಡ. ಈಗ ಪಿಯರ್ಸ್ ಚಿನ್ನವನ್ನು ಸಾಗಿಸಲು ಕಬ್ಬಿಣದ ಕವಚ ತೊಡಿಸಿದ ಭಾರಿ ಬಂಡಿಯೊಂದನ್ನು ಕಟ್ಟಿಸಿದ್ದಾನೆ. ಅದರ ನೆತ್ತಿಯ ಮೇಲೆ ಸುತ್ತುವ ಗೋಪುರ, ಗೋಪುರದೊಳಗೆ ಒಂದರ ಹಿಂದೊಂದು ಗುಂಡು ಸುರಿಸುವ ಗ್ಯಾಟ್ಲಿಂಗ್ ಬಂದೂಕು, ಹಿಂದೆಮುಂದೆ ಸವಾರರ ಪಡೆ. ಮುಂದಿನ ಸಾಗಣೆಯಲ್ಲಿ ಅದರೊಳಗೆ ಐದು ಲಕ್ಷ ಡಾಲರ್ ಬೆಲೆಯ ಚಿನ್ನದ ಪುಡಿ ಹೋಗಲಿದೆ. ಜಾಕ್ಸನ್‌ಗೆ ಅದು ಬೇಕು. ಅವನ ಕಣ್ಣಿನಲ್ಲಿ ಅದು ಕಳವಲ್ಲ, ತನ್ನ ಸ್ವತ್ತಿನ ವಸೂಲಿ.

ಬಂಡಿಯೊಳಗಿನ ತಿಜೋರಿ ತೆರೆಯಲು ಒಬ್ಬ ಕುಶಲಿ ಬೇಕು. ಆ ಕೆಲಸ ಬಲ್ಲವನು ಲೋಮ್ಯಾಕ್ಸ್ (ಡಗ್ಲಸ್). ಬಂದೂಕಿನಲ್ಲೂ ಅವನ ಕೈ ಚುರುಕು. ಆದರೆ ಹಿಂದೊಮ್ಮೆ ಪಿಯರ್ಸ್‌ನ ಪರವಾಗಿ ಜಾಕ್ಸನ್‌ನ ಮೈಗೆ ಗುಂಡು ಹೊಡೆದವನೂ ಇದೇ ಲೋಮ್ಯಾಕ್ಸ್. ಜಾಕ್ಸನ್ ಊರಿಗೆ ಮರಳಿದ ಸುದ್ದಿ ತಲುಪುತ್ತಲೇ ಪಿಯರ್ಸ್ ಅದೇ ಲೋಮ್ಯಾಕ್ಸ್‌ಗೆ ಮತ್ತೆ ಸುಪಾರಿ ಕಳಿಸಿದ್ದಾನೆ. ಜಾಕ್ಸನ್‌ನ ತಲೆಗೆ ಸಾವಿರಗಳ ಲೆಕ್ಕದಲ್ಲಿ ಹಣ ಸಿಗುತ್ತದೆ.

ಅಂಥವನ ಮನೆ ಬಾಗಿಲಿಗೆ ಜಾಕ್ಸನ್ ತಾನಾಗಿ ಹೋಗುತ್ತಾನೆ. ಚಿತ್ರದ ಹಾಸ್ಯವೂ ಬುದ್ಧಿಯೂ ಇಲ್ಲಿಂದಲೇ ಮೊದಲಾಗುತ್ತವೆ. ಹಳೆಯ ಗಾಯದ ಮಾತೆತ್ತಿ ಕ್ಷಮೆ ಕೇಳಿಸುವುದಾಗಲಿ, ಆಣೆ ಮಾಡಿಸುವುದಾಗಲಿ ಅವನ ಯೋಚನೆಯಲ್ಲೇ ಇಲ್ಲ. ಅವನು ಲೆಕ್ಕ ಒಪ್ಪಿಸುತ್ತಾನೆ. ಐವರು ಪಾಲುದಾರರು, ಐದು ಲಕ್ಷ ಡಾಲರ್, ತಲೆಗೆ ಒಂದು ಲಕ್ಷ. ಪಿಯರ್ಸ್ ಕೊಡುವುದು ಅದರ ಹತ್ತನೆಯ ಒಂದು ಭಾಗದ ಆಸುಪಾಸು. ಜಾಕ್ಸನ್ ಸತ್ತರೆ ಯೋಜನೆ ಸತ್ತಿತು. ಯೋಜನೆ ಸತ್ತರೆ ಲಕ್ಷ ಹೋಯಿತು. ಲೋಮ್ಯಾಕ್ಸ್ ಒಳ್ಳೆಯವನಾಗಬೇಕಿಲ್ಲ, ಎಣಿಸಲು ಬಂದರೆ ಸಾಕು.

ಎದುರಾಳಿಯ ಮನಸ್ಸನ್ನು ತಿದ್ದಲು ಹೋಗುವವರೇ ಲೋಕದಲ್ಲಿ ಹೆಚ್ಚು. ಜಾಕ್ಸನ್ ಅವನ ಲಾಭವನ್ನು ಮಾತ್ರ ತಿರುಗಿಸಿದ. ಕೊಲ್ಲುವ ಆಸೆಯನ್ನು ಅಳಿಸದೆ, ಆ ಆಸೆ ತೀರಿಸಿಕೊಳ್ಳಲು ತೆರಬೇಕಾದ ಬೆಲೆಯನ್ನು ಹತ್ತು ಪಟ್ಟು ಏರಿಸಿದ. ಇದಕ್ಕೆ ಧೈರ್ಯ ಬೇಕು ಎನ್ನುವುದು ಸುಲಭ. ಅದಕ್ಕಿಂತ ಹೆಚ್ಚಾಗಿ, ತನ್ನನ್ನು ಕೊಲ್ಲಬಂದವನು ಮೂರ್ಖನಲ್ಲ ಎಂಬ ಗೌರವ ಬೇಕು. ವೈರಿಯ ಮೇಲೆ ಪ್ರೀತಿ ಇಲ್ಲ, ಅವನ ವಿವೇಕದ ಮೇಲೆ ಭರವಸೆ ಇದೆ. ಇವರಿಬ್ಬರ ನಡುವೆ ಇದ್ದದ್ದು ಅಷ್ಟೇ, ಮತ್ತು ಕೆಲಸಕ್ಕೆ ಅಷ್ಟು ಸಾಕಾಯಿತು.

ಬಲೆಯೊಳಗಿನ ಬೆಕ್ಕು

ಮಹಾಭಾರತದ ಶಾಂತಿಪರ್ವದಲ್ಲಿ, ಆಪದ್ಧರ್ಮವನ್ನು ಹೇಳುವ ಭಾಗದಲ್ಲಿ, ಭೀಷ್ಮನು ಯುಧಿಷ್ಠಿರನಿಗೆ ಒಂದು ಕಥೆ ಹೇಳುತ್ತಾನೆ. ಆಲದ ಮರದ ಬುಡದ ಬಿಲದಲ್ಲಿ ಪಲಿತನೆಂಬ ಇಲಿ, ಮರದ ಮೇಲೆ ಲೋಮಶನೆಂಬ ಬೆಕ್ಕು. ಒಂದು ರಾತ್ರಿ ಬೆಕ್ಕು ಬೇಡನ ಬಲೆಗೆ ಬೀಳುತ್ತದೆ. ವೈರಿ ಸಿಕ್ಕಿಬಿದ್ದ ಸಂತೋಷದಲ್ಲಿ ಇಲಿ ಹೊರಬಂದು ಓಡಾಡುವಾಗ ನೆಲದಲ್ಲಿ ಮುಂಗುಸಿ, ಕೊಂಬೆಯಲ್ಲಿ ಗೂಬೆ ಕಾಣಿಸುತ್ತವೆ. ಇಲಿ ಬೆಕ್ಕಿನೊಡನೆ ಒಪ್ಪಂದ ಮಾಡಿಕೊಂಡು ಅದರ ಮಡಿಲಲ್ಲೇ ಅಡಗುತ್ತದೆ. ಮುಂಗುಸಿ, ಗೂಬೆ ಎರಡೂ ಆಸೆ ಬಿಟ್ಟು ಹೋಗುತ್ತವೆ. ಬದಲಿಗೆ ಇಲಿ ಬಲೆಯ ಎಳೆಗಳನ್ನು ಕತ್ತರಿಸಬೇಕು. ಅದು ಕತ್ತರಿಸುತ್ತದೆ, ಆದರೆ ನಿಧಾನವಾಗಿ. ಬೆಕ್ಕು ಎಷ್ಟು ಅವಸರಪಡಿಸಿದರೂ ಕೊನೆಯ ಎಳೆಯೊಂದನ್ನು ಉಳಿಸಿಕೊಂಡೇ ಇರುತ್ತದೆ. ಬೆಳಗಾಗಿ ಬೇಡ ಕಣ್ಣಿಗೆ ಬಿದ್ದಾಗ ಮಾತ್ರ ಅದನ್ನೂ ಕಡಿಯುತ್ತದೆ. ಬೆಕ್ಕು ಪ್ರಾಣ ಉಳಿಸಿಕೊಳ್ಳಲು ಮರ ಹತ್ತುತ್ತದೆ, ಇಲಿ ಬಿಲ ಸೇರುತ್ತದೆ.

ಬೆಕ್ಕಿನ ಹೆಸರು ಲೋಮಶ, ನಮ್ಮ ಬಂದೂಕುಗಾರ ಲೋಮ್ಯಾಕ್ಸ್. ಈ ಹೋಲಿಕೆ ಬರೀ ಆಕಸ್ಮಿಕ. ಚಿತ್ರಕಥೆ ಬರೆದ ಕ್ಲೇರ್ ಹಫೇಕರ್ ಅದನ್ನು ತಮ್ಮದೇ ಕಾದಂಬರಿಯಿಂದ ಎತ್ತಿಕೊಂಡವರು. ಆದರೂ ಶಾಂತಿಪರ್ವದ ಆ ಎಳೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಚಿತ್ರ ನೋಡಿದರೆ ಜಾಕ್ಸನ್‌ನ ನಡೆ ನಿಚ್ಚಳವಾಗಿ ಕಾಣುತ್ತದೆ. ಉದ್ದಕ್ಕೂ ಅವನು ಒಂದಲ್ಲ ಒಂದು ಎಳೆಯನ್ನು ಕಡಿಯದೆ ಉಳಿಸಿಕೊಂಡಿರುತ್ತಾನೆ.

ಕೆಲಸವನ್ನು ಅವನು ಹಂಚಿದ ರೀತಿ ನೋಡಿ. ತಿಜೋರಿ ಲೋಮ್ಯಾಕ್ಸ್‌ಗೆ. ಸ್ಫೋಟಕದ ವಿದ್ಯೆ ಬಿಲ್ಲಿ ಹಯಾಟ್ ಎಂಬ ಎಳೆಯನಿಗೆ. ಕುಡಿತಕ್ಕೆ ಬಿದ್ದಿರುವ ಆ ಹುಡುಗನ ಕೈ ನಡುಗದೆ ಇದ್ದರೆ ಅವನಷ್ಟು ಬಲ್ಲವರಿಲ್ಲ. ಅಮೆರಿಕದ ಮೂಲನಿವಾಸಿಗಳಾದ ಕಯೋವಾ ಬುಡಕಟ್ಟಿನೊಡನೆ ಮಾತುಕತೆ ಲೀವೈ ವಾಕಿಂಗ್ ಬೇರ್‌ಗೆ. ಪಿಯರ್ಸ್‌ನ ಸಾಗಣೆಯ ಒಳಗುಟ್ಟು ಬಲ್ಲವನು ಸರಕು ಬಂಡಿ ಓಡಿಸುವ ವೆಸ್ ಫ್ಲೆಚರ್. ಇವೆಲ್ಲವನ್ನೂ ಒಂದು ದಾರಕ್ಕೆ ಪೋಣಿಸುವ ಯೋಜನೆ ಜಾಕ್ಸನ್‌ನ ತಲೆಯಲ್ಲಿ. ಯಾರನ್ನು ಕಳೆದುಕೊಂಡರೂ ಉಳಿದ ನಾಲ್ವರ ಕೈ ಬರಿದು. ಐವರಲ್ಲಿ ಯಾರಿಗೂ ಇನ್ನೊಬ್ಬರ ಮೇಲೆ ಪ್ರೀತಿ ಇಲ್ಲ. ಲೀವೈಗೆ ಬಿಳಿಯರ ಲೋಕದ ಮೇಲೇ ಕಹಿ ಇದೆ. ಆದರೆ ಚಿನ್ನ ಕೈಗೆ ಬರುವವರೆಗೆ ಐವರೂ ಒಬ್ಬರ ಜೀವವನ್ನೊಬ್ಬರು ಕಾಯಲೇಬೇಕು.

ಅಂಕ ಎಣಿಸುವ ಸುಖ

ಹಾಗೆಂದು ಇದು ಬರಿಯ ಲೆಕ್ಕದ ಪುಸ್ತಕವಲ್ಲ. ಲೆಕ್ಕ ಮಾತ್ರ ಇದ್ದಿದ್ದರೆ ಚಿತ್ರ ಒಣಗಿದ ಕಟ್ಟಿಗೆಯಾಗುತ್ತಿತ್ತು. ನಿರ್ದೇಶಕ ಬರ್ಟ್ ಕೆನಡಿ ಈ ಇಬ್ಬರಿಗೂ ಇನ್ನೊಂದು ಹಸಿವನ್ನು ಕೊಟ್ಟಿದ್ದಾರೆ. ತಾನೇ ಮೇಲು ಎಂದು ಇನ್ನೊಬ್ಬನ ಬಾಯಿಯಿಂದ ಕೇಳುವ ಹಸಿವು ಅದು.

ಲೋಮ್ಯಾಕ್ಸ್ ಕಪ್ಪು ಚರ್ಮದ ಉಡುಪು ತೊಡುತ್ತಾನೆ. ಕೈಗವಸಿನ ಮೇಲೆ ಎದ್ದು ಕಾಣುವಂತೆ ಉಂಗುರ. ಕುದುರೆ ಹತ್ತುವಾಗ ಎಲ್ಲರಂತೆ ರಿಕಾಪಿಗೆ ಕಾಲಿಡದೆ ಹಿಂದಿನಿಂದಲೋ ಪಕ್ಕದಿಂದಲೋ ಜಿಗಿದು ಜೀನಿನ ಮೇಲೆ ಕೂರುತ್ತಾನೆ, ಪ್ರತಿ ಸಲವೂ ಹೊಸ ಬಗೆಯಲ್ಲಿ. ಪಕ್ಕದಲ್ಲಿ ಜಾಕ್ಸನ್ ತನ್ನ ಭಾರವಾದ ಮೈಯನ್ನು ನಿಧಾನವಾಗಿ ಎತ್ತಿ ಕುದುರೆಯ ಮೇಲೆ ಇಡುತ್ತಾನೆ, ಮಾತಿಲ್ಲ. ಈ ಎರಡು ಬಗೆಯ ಕುದುರೆ ಹತ್ತುವಿಕೆಯಲ್ಲೇ ಎರಡು ಬಗೆಯ ಅಹಂಕಾರ ಪೂರ್ತಿಯಾಗಿ ಕಾಣಿಸುತ್ತದೆ. ಒಬ್ಬನಿಗೆ ನೋಡುವ ಕಣ್ಣು ಬೇಕು. ಇನ್ನೊಬ್ಬನಿಗೆ ಯಾರ ಕಣ್ಣೂ ಬೇಡವೆಂದು ತೋರಿಸಿಕೊಳ್ಳಬೇಕು.

1966ರಲ್ಲಿ ಚಿತ್ರೀಕರಣ ನಡೆಯುವಾಗ ಕರ್ಕ್ ಡಗ್ಲಸ್ ಐವತ್ತರ ಹೊಸ್ತಿಲಲ್ಲಿದ್ದರು. ಜಾನ್ ವೇಯ್ನ್‌ಗೆ 59. ಅದಕ್ಕೂ ಎರಡು ವರ್ಷ ಮೊದಲು, 1964ರಲ್ಲಿ, ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ವೇಯ್ನ್ ಎಡ ಶ್ವಾಸಕೋಶವನ್ನೂ ಕೆಲವು ಪಕ್ಕೆಲುಬುಗಳನ್ನೂ ಕಳೆದುಕೊಂಡಿದ್ದರು. ಚಿತ್ರೀಕರಣ ನಡೆದ ಮೆಕ್ಸಿಕೋದ ಡುರಾಂಗೊ ಸಮುದ್ರಮಟ್ಟಕ್ಕಿಂತ ಸುಮಾರು 1,900 ಮೀಟರ್ ಎತ್ತರದ ಒಣನಾಡು. ಒಂದೇ ಶ್ವಾಸಕೋಶದಲ್ಲಿ ಅಲ್ಲಿ ಉಸಿರಾಡುವುದೇ ಸಾಹಸ, ಕುದುರೆ ಸವಾರಿಯಂತೂ ಇನ್ನೂ ಕಷ್ಟ. ಇದು ಗೊತ್ತಾದ ಮೇಲೆ ಡಗ್ಲಸ್ ಜಿಗಿಯುವ ದೃಶ್ಯಗಳಲ್ಲಿ ನನ್ನ ಕಣ್ಣು ಹೋಗುವುದು ವೇಯ್ನ್ ಕಡೆಗೆ. ಅವರು ಪೈಪೋಟಿಗೆ ಇಳಿಯುವುದಿಲ್ಲ. ಆ ಜಿಗಿತ ತನ್ನ ಪಕ್ಕದಲ್ಲೇ ನಡೆಯಲಿ ಎಂದು ಬಿಟ್ಟುಕೊಡುತ್ತಾರೆ. ನಿಧಾನವನ್ನೇ ಗಾಂಭೀರ್ಯವಾಗಿ ತಿರುಗಿಸಿಕೊಂಡ ಆ ನಟನೆಗೆ ನಾನು ಮನಸಾರೆ ತಲೆಬಾಗುತ್ತೇನೆ.

ಇಷ್ಟೆಲ್ಲ ಪೈಪೋಟಿಯಿಂದ ಒಪ್ಪಂದ ಸಡಿಲಗೊಳ್ಳಬೇಕಿತ್ತು. ಆದರೆ ಹಾಗಾಗುವುದಿಲ್ಲ. ಯಾರು ಹೊಡೆದವನು ಮೊದಲು ಬಿದ್ದ, ಯಾರು ಹೊಡೆದವನು ಎತ್ತರ ಎಂಬ ಮಾತಿನಲ್ಲಿ ವೈರ ಸಣ್ಣ ಸಣ್ಣ ಕಂತುಗಳಲ್ಲಿ ಖರ್ಚಾಗುತ್ತದೆ. ಒಳಗೇ ಕೂಡಿಟ್ಟಿದ್ದರೆ ಅದು ಒಂದು ರಾತ್ರಿ ಬೆನ್ನಿಗೆ ಇಳಿಯುವ ಚಾಕುವಾಗುತ್ತಿತ್ತು. ಬಾಯಿಬಿಟ್ಟು ಅಂಕ ಎಣಿಸುವವರ ನಡುವೆ ಗುಟ್ಟಿನ ಬಾಕಿ ಉಳಿಯುವುದಿಲ್ಲ. ಕೂಡುಕುಟುಂಬಗಳಲ್ಲಿ ಎದುರೆದುರು ಜಗಳವಾಡುವ ಅಣ್ಣತಮ್ಮಂದಿರು ಒಟ್ಟಿಗೇ ಉಳಿದು, ಎಂದೂ ದನಿ ಎತ್ತರಿಸದವರು ಒಂದೇ ದಿನ ಪಾಲು ಕೇಳಿ ಹೊರನಡೆಯುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ.

ಕೆನಡಿಗೆ ಈ ವಸ್ತು ಹೊಸದಲ್ಲ. 1950ರ ದಶಕದಲ್ಲಿ ನಿರ್ದೇಶಕ ಬಡ್ ಬೆಟಿಕರ್ ಅವರಿಗಾಗಿ ಚಿತ್ರಕಥೆ ಬರೆಯುವಾಗಲೇ ಅವರು ಇದನ್ನು ಉಜ್ಜಿ ಉಜ್ಜಿ ನೋಡಿದ್ದರು. ಆ ಸಾಲಿನ ಮೊದಲ ಚಿತ್ರ, 1956ರ 'ಸೆವೆನ್ ಮೆನ್ ಫ್ರಮ್ ನೌ', ವೇಯ್ನ್ ಅವರ ಬ್ಯಾಟ್‌ಜ್ಯಾಕ್ ಸಂಸ್ಥೆಯಲ್ಲೇ ತಯಾರಾಯಿತು. 1959ರ 'ರೈಡ್ ಲೋನ್‌ಸಮ್' ಚಿತ್ರದಲ್ಲಿ ಒಬ್ಬನೇ ಕೈದಿಯ ಮೇಲೆ ಆಸೆ ಇಟ್ಟವರು ಜೊತೆಯಲ್ಲೇ ಪ್ರಯಾಣ ಮಾಡುತ್ತಾರೆ, ಕೊನೆಗೆ ತಮ್ಮಲ್ಲಿ ಒಬ್ಬ ಇನ್ನೊಬ್ಬನನ್ನು ಹೊಡೆಯಲೇಬೇಕಾಗಬಹುದು ಎಂಬ ಅರಿವಿನೊಂದಿಗೆ. ಅಲ್ಲಿ ಬಿಗಿಯಾಗಿದ್ದದ್ದನ್ನು ಕೆನಡಿ ಇಲ್ಲಿ ನಗೆಯಾಗಿ ಸಡಿಲಿಸಿದ್ದಾರೆ. ಎರಡು ವರ್ಷಗಳ ನಂತರ 'ಸಪೋರ್ಟ್ ಯುವರ್ ಲೋಕಲ್ ಶೆರಿಫ್' ಚಿತ್ರದಲ್ಲಿ ಅವರು ಇನ್ನೂ ಮುಂದೆ ಹೋಗಿ ಪೂರ್ತಿ ಹಾಸ್ಯಕ್ಕೇ ಇಳಿದರು. ಆದರೆ ಹಾಸ್ಯದ ಕೆಳಗೆ ಸಾವಿನ ಸದ್ದು ಕೇಳಿಸುತ್ತಲೇ ಇರುವ ಹದ 'ವಾರ್ ವ್ಯಾಗನ್'ನಲ್ಲೇ ಹೆಚ್ಚು ಸರಿಯಾಗಿ ಬಂದಿದೆ ಎಂಬುದು ನನ್ನ ಅಭಿಪ್ರಾಯ.

ಕಬ್ಬಿಣ, ಚಿನ್ನ, ಹಿಟ್ಟು

ಬಂಡಿಯ ಬಗ್ಗೆ ಸ್ವಲ್ಪ ಹೇಳಬೇಕು. ಇಂಥದು ಕಟ್ಟುಕಥೆ ಎನಿಸಬಹುದು, ಆದರೆ ಇತಿಹಾಸದಲ್ಲಿ ಇದಕ್ಕೆ ಅಣ್ಣನೊಬ್ಬನಿದ್ದ. 1870ರ ದಶಕದ ಕೊನೆಯಲ್ಲಿ ಡಕೋಟಾದ ಬ್ಲ್ಯಾಕ್ ಹಿಲ್ಸ್ ಗಣಿಗಳಿಂದ ಚಿನ್ನ ಸಾಗಿಸಲು ಒಳಗೆ ಉಕ್ಕಿನ ತಗಡು ಹೊಡೆದ ಕುದುರೆ ಬಂಡಿಯನ್ನು ಓಡಿಸಲಾಯಿತು. ಅಂತರ್ಯುದ್ಧ ಕಾಲದ ಕಬ್ಬಿಣದ ಹಡಗಿನ ನೆನಪಿಗೆ ಅದಕ್ಕೆ 'ಮಾನಿಟರ್' ಎಂದು ಹೆಸರಿಟ್ಟರು. 1878ರ ಸೆಪ್ಟೆಂಬರ್‌ನಲ್ಲಿ ಕ್ಯಾನಿಯನ್ ಸ್ಪ್ರಿಂಗ್ಸ್ ಎಂಬ ಕುದುರೆ ಬದಲಿಸುವ ತಂಗುದಾಣದಲ್ಲಿ ಅದನ್ನು ದೋಚಲಾಯಿತು. ದರೋಡೆಕೋರರು ಮೊದಲು ಹಿಡಿದದ್ದು ಬಂಡಿಯನ್ನಲ್ಲ, ತಂಗುದಾಣವನ್ನು. ಕಬ್ಬಿಣ ಎಷ್ಟೇ ದಪ್ಪವಿರಲಿ, ಬಂಡಿಗೆ ದಾರಿ ಬೇಕು, ಕುದುರೆಗೆ ನೀರು ಬೇಕು, ನೊಗ ಬಿಚ್ಚಲು ಒಂದು ಕೈ ಬೇಕು.

ಜಾಕ್ಸನ್‌ನ ಯೋಜನೆಯೂ ಅದೇ ಜಾಡಿನದು. ಕಯೋವಾ ಸವಾರರು ದಾಳಿ ಮಾಡಿ ಕಾವಲು ಪಡೆಯನ್ನು ಬಂಡಿಯಿಂದ ಬೇರೆ ಮಾಡಬೇಕು. ಬಿಲ್ಲಿಯ ನೈಟ್ರೋಗ್ಲಿಸರಿನ್ ಸೇತುವೆಯನ್ನು ಉಡಾಯಿಸಬೇಕು. ಒಂಟಿಯಾದ ಬಂಡಿಯನ್ನು ಮಾತ್ರ ಕೈವಶ ಮಾಡಿಕೊಳ್ಳಬೇಕು. ನೈಟ್ರೋಗ್ಲಿಸರಿನ್ ಎಂದರೆ ಪಾಲುದಾರರ ಮಧ್ಯೆ ಇಟ್ಟ ಆರನೆಯ ಪಾಲುದಾರ. ಕುಲುಕಿದರೆ ಸಾಕು, ಸಿಡಿಯುತ್ತದೆ. ನೊಬೆಲ್ ಅದನ್ನು ಪಳಗಿಸಿ ಡೈನಮೈಟ್ ಮಾಡಿ ಹಕ್ಕುಪತ್ರ ಪಡೆದದ್ದು 1867ರಲ್ಲಿ. ಅದನ್ನು ಹೊತ್ತವರು ಪರಸ್ಪರ ಹುಷಾರಾಗಿ ನಡೆಯಲೇಬೇಕು, ಮನಸ್ಸಿರಲಿ ಬಿಡಲಿ.

ಚಿನ್ನವನ್ನು ಹಿಟ್ಟಿನ ಪೀಪಾಯಿಗಳಲ್ಲಿ ಅಡಗಿಸುವ ಉಪಾಯವನ್ನು ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಆ ಕಾಲದಲ್ಲಿ ಅಮೆರಿಕದಲ್ಲಿ ಒಂದು ಟ್ರಾಯ್ ಔನ್ಸ್ (ಸುಮಾರು 31 ಗ್ರಾಂ) ಚಿನ್ನಕ್ಕೆ 20.67 ಡಾಲರ್. ಐದು ಲಕ್ಷ ಡಾಲರ್ ಎಂದರೆ ಸುಮಾರು 24,000 ಔನ್ಸ್, ಅಪ್ಪಟ ಚಿನ್ನವಾದರೂ ಸುಮಾರು 750 ಕಿಲೋ. ಗಣಿಯ ಪುಡಿ ಅಪ್ಪಟವಲ್ಲ, ಆದ್ದರಿಂದ ತೂಕ ಇನ್ನೂ ಹೆಚ್ಚು. ಆದರೆ ಚಿನ್ನ ಜಾಗ ತಿನ್ನುವುದಿಲ್ಲ. ಇಷ್ಟನ್ನೂ ಕರಗಿಸಿ ಗಟ್ಟಿ ಮಾಡಿದರೆ 40 ಲೀಟರಿನಷ್ಟು ಜಾಗದಲ್ಲಿ ಕೂರುತ್ತದೆ. ಪುಡಿಯಾಗಿದ್ದರೆ ಅದರ ಎರಡರಷ್ಟು ಇಟ್ಟುಕೊಳ್ಳಿ. ಅಂದಿನ ಹಿಟ್ಟಿನ ಪೀಪಾಯಿಯೊಂದರಲ್ಲಿ 196 ಪೌಂಡ್, ಎಂದರೆ 89 ಕಿಲೋ ಹಿಟ್ಟು ಹಿಡಿಯುತ್ತಿತ್ತು. ಒಂದೇ ಪೀಪಾಯಿಗೆ ತುಂಬಿದರೆ ಜಾಗ ಸಾಲುತ್ತದೆ, ಆದರೆ ಯಾರೂ ಅದನ್ನು ಅಲುಗಾಡಿಸಲಾರರು. ಹಲವು ಪೀಪಾಯಿಗಳಿಗೆ ಹಂಚಿದರೆ ಮೇಲೆ ಹಿಟ್ಟು ಮಾತ್ರ ಕಾಣುತ್ತದೆ, ತೂಕ ತಿಳಿಯುವುದು ಎತ್ತಿದವನಿಗೆ ಮಾತ್ರ. ಉಪಾಯ ಗಟ್ಟಿಯಾಗಿಯೇ ಇತ್ತು. ಕೆಟ್ಟದ್ದು ಬೇರೆ ಕಡೆ.

ಲೆಕ್ಕಕ್ಕೆ ಸೇರದವರು

ದಾಳಿ ನಡೆಯುತ್ತದೆ, ಸೇತುವೆ ಸಿಡಿಯುತ್ತದೆ, ಬಂಡಿ ಕೈಗೆ ಬರುತ್ತದೆ, ಪಿಯರ್ಸ್ ಅದರೊಳಗಿಂದ ಜೀವಂತ ಹೊರಬರುವುದಿಲ್ಲ. ಚಿನ್ನ ಪೀಪಾಯಿ ಸೇರುತ್ತದೆ. ಆಗ ಕಯೋವಾಗಳು ತಿರುಗಿ ಬೀಳುತ್ತಾರೆ. ವೆಸ್ ಫ್ಲೆಚರ್ ಸಾಯುತ್ತಾನೆ. ಬಿಲ್ಲಿ ಎಸೆದ ನೈಟ್ರೋಗ್ಲಿಸರಿನ್ ದಾಳಿಕೋರರನ್ನು ಚದುರಿಸುತ್ತದೆ, ಆದರೆ ಬೆದರಿದ ಕುದುರೆಗಳು ಹಿಟ್ಟಿನ ಬಂಡಿಯನ್ನು ಎಳೆದುಕೊಂಡು ಓಡುತ್ತವೆ. ಪೀಪಾಯಿಗಳು ಒಂದೊಂದಾಗಿ ಉರುಳಿ ಒಡೆಯುತ್ತವೆ. ಹಸಿದ ಕಯೋವಾ ಜನ ಹಿಟ್ಟನ್ನು ಬಾಚಿಕೊಳ್ಳುತ್ತಾರೆ, ಅದರೊಳಗೆ ಏನಿದೆ ಎಂದು ತಿಳಿಯದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಡೆದುಹೋಗುತ್ತದೆ, ತುತ್ತು ಬೇರೆಯವರ ಬಾಯಿಗೆ ಹೋಯಿತು ಎಂಬುದಷ್ಟೇ ವ್ಯತ್ಯಾಸ.

ಚಿತ್ರ ಇದನ್ನು ದ್ರೋಹವೆಂದು ತೋರಿಸುತ್ತದೆ. ನಾನು ಒಪ್ಪುವುದಿಲ್ಲ. ಜಾಕ್ಸನ್‌ನ ಜಾಣತನವೆಲ್ಲ ಐದು ಸಮಪಾಲಿನ ಮೇಲೆ ನಿಂತಿತ್ತು. ತನ್ನನ್ನು ಕೊಲ್ಲಬಂದವನಿಗೂ ಪೂರ್ತಿ ಪಾಲು ಕೊಟ್ಟವನು, ಕಾವಲು ಪಡೆಯ ಎದುರು ಎದೆಯೊಡ್ಡುವ ಬುಡಕಟ್ಟನ್ನು ಆ ಐದರ ಲೆಕ್ಕಕ್ಕೆ ಸೇರಿಸಲಿಲ್ಲ. ಗುಂಡಿನ ಎದುರಿಗೆ ಅವರು, ಪಾಲಿನ ಪಟ್ಟಿಯಲ್ಲಿ ಅವರಿಲ್ಲ. ಲೋಮ್ಯಾಕ್ಸ್ ವಿಷಯದಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಿದ ಎಣಿಕೆಯನ್ನು ಕಯೋವಾ ಮುಖಂಡನೂ ಮಾಡಬಲ್ಲ ಎಂದು ಯಾರೂ ಯೋಚಿಸಲಿಲ್ಲ. ಅವನೂ ಎಣಿಸಿದ. ದಾಳಿ ಮುಗಿದ ಮೇಲೆ ಈ ಐವರಿಂದ ತನಗೆ ಇನ್ನೇನೂ ಬರುವುದಿಲ್ಲ, ಅವರನ್ನು ಬಿಟ್ಟುಬಿಟ್ಟರೆ ಮಾತ್ರ ನಷ್ಟ. ಅವರ ಪಾಲಿಗೆ ಯಾವ ಎಳೆಯನ್ನೂ ಉಳಿಸಿರಲಿಲ್ಲ.

ಹಸಿವಿನ ಮಾತು ಕೂಡ ಕಲ್ಪನೆಯಲ್ಲ. 1867ರ ಅಕ್ಟೋಬರ್‌ನಲ್ಲಿ ಮೆಡಿಸಿನ್ ಲಾಡ್ಜ್ ಒಪ್ಪಂದದ ಮೂಲಕ ಕಯೋವಾಗಳನ್ನು ಇಂದಿನ ಓಕ್ಲಹೋಮಾದ ನೈಋತ್ಯ ಮೂಲೆಯ ಮೀಸಲು ನೆಲಕ್ಕೆ ಸೀಮಿತಗೊಳಿಸಲಾಯಿತು. ಸರ್ಕಾರ ಕೊಡುತ್ತೇನೆಂದ ಪಡಿತರ ಹೊಟ್ಟೆ ತುಂಬಿಸಲಿಲ್ಲ. ಅವರ ಬದುಕಿನ ಆಧಾರವಾಗಿದ್ದ ಕಾಡೆಮ್ಮೆಗಳ ಹಿಂಡುಗಳನ್ನು ಚರ್ಮದ ವ್ಯಾಪಾರಿಗಳು 1870ರ ದಶಕದಲ್ಲಿ ಬಯಲಿನಿಂದಲೇ ಅಳಿಸಿಹಾಕಿದರು. ಆ ಜನರ ಕೈಗೆ ಹಿಟ್ಟು ಬೀಳುವ ದೃಶ್ಯವನ್ನು ಚಿತ್ರ ನಗೆಯ ತಿರುವಾಗಿ ಇಟ್ಟಿದೆ. ನನಗೆ ಅದು ಇಡೀ ಕಥೆಯಲ್ಲಿ ನ್ಯಾಯವಾದ ಒಂದೇ ಹಂಚಿಕೆಯಾಗಿ ಕಂಡಿತು.

ಲೀವೈ ಪಾತ್ರ ಮಾಡಿದವರು ಹವರ್ಡ್ ಕೀಲ್. 'ಸೆವೆನ್ ಬ್ರೈಡ್ಸ್ ಫಾರ್ ಸೆವೆನ್ ಬ್ರದರ್ಸ್'ನಂಥ ಸಂಗೀತ ಚಿತ್ರಗಳಲ್ಲಿ ಹೆಸರು ಮಾಡಿದ ಬಿಳಿಯ ಗಾಯಕನಟ. ಅವರ ಹಾಸ್ಯದ ಹದ ಚೆನ್ನಾಗಿದೆ, ಬಿಳಿಯರಿಂದ ತಾನು ಕಲಿತದ್ದು ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುವುದನ್ನೇ ಎಂಬ ಧಾಟಿಯ ಅವರ ಮಾತು ಚಿತ್ರದ ಹರಿತವಾದ ಮಾತುಗಳಲ್ಲೊಂದು. ಅದು ಕಯೋವಾ ನಟನೊಬ್ಬನ ಬಾಯಿಯಲ್ಲಿ ಬಂದಿದ್ದರೆ ಎಷ್ಟು ಕೊಯ್ಯುತ್ತಿತ್ತು ಎಂದು ಯೋಚಿಸದೆ ಇರಲಾರೆ. ವೆಸ್‌ನ ಎಳೆಯ ಹೆಂಡತಿ ಕೇಟ್‌ಗೂ ಚಿತ್ರ ಸಲ್ಲಬೇಕಾದಷ್ಟು ಜಾಗ ಕೊಟ್ಟಿಲ್ಲ. ಮಗಳ ವಯಸ್ಸಿನವಳನ್ನು ಕಟ್ಟಿಕೊಂಡು ಸಂಶಯದಲ್ಲಿ ಬೇಯುವ ವೆಸ್ ಈ ಐವರಲ್ಲಿ ಎಲ್ಲರಿಗಿಂತ ದುರ್ಬಲವಾದ ಕೊಂಡಿ, ಏಕೆಂದರೆ ಅವನ ಮನಸ್ಸು ಚಿನ್ನದ ಮೇಲೆ ಪೂರ್ತಿ ಇಲ್ಲ. ಬಿಲ್ಲಿಗೂ ಕೇಟ್‌ಗೂ ಮನಸ್ಸು ಕೂಡಿದ ಮೇಲೆ ಲೆಕ್ಕದಿಂದ ಕಟ್ಟಿದ ಕೂಟದೊಳಗೆ ಲೆಕ್ಕಕ್ಕೆ ಸಿಗದ ಒಂದು ವಸ್ತು ನುಗ್ಗುತ್ತದೆ.

ತೆರೆಯ ಹಿಂದೆ ಇನ್ನೊಂದು ಜೋಡಿ

ವೇಯ್ನ್ ಮತ್ತು ಡಗ್ಲಸ್ ನಿಜಜೀವನದಲ್ಲೂ ಎಣ್ಣೆ ಸೀಗೆಕಾಯಿ. ವೇಯ್ನ್ 1949ರಿಂದ ಕೆಲವು ವರ್ಷ ಹಾಲಿವುಡ್‌ನ ಕಮ್ಯುನಿಸ್ಟ್ ವಿರೋಧಿ ಒಕ್ಕೂಟದ ಅಧ್ಯಕ್ಷರಾಗಿದ್ದವರು, ಕಮ್ಯುನಿಸ್ಟರೆಂದು ಶಂಕಿಸಿದವರಿಗೆ ಚಿತ್ರರಂಗದಲ್ಲಿ ಕೆಲಸ ತಪ್ಪಿಸಿದ ಕಪ್ಪುಪಟ್ಟಿಯನ್ನು ಎಂದೂ ತಪ್ಪೆಂದು ಒಪ್ಪದವರು. ಡಗ್ಲಸ್ 1960ರ 'ಸ್ಪಾರ್ಟಕಸ್' ಚಿತ್ರದಲ್ಲಿ ಅದೇ ಕಪ್ಪುಪಟ್ಟಿಯಲ್ಲಿದ್ದ ಚಿತ್ರಕಥೆಗಾರ ಡಾಲ್ಟನ್ ಟ್ರಂಬೊ ಅವರ ಹೆಸರನ್ನು ತೆರೆಯ ಮೇಲೆ ಹಾಕಿಸಿದ ನಿರ್ಮಾಪಕ. ಡುರಾಂಗೊದಲ್ಲಿ ಕ್ಯಾಮೆರಾ ಓಡುತ್ತಿದ್ದ 1966ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಗವರ್ನರ್ ಚುನಾವಣೆ ನಡೆಯಿತು. ವೇಯ್ನ್ ತಮ್ಮ ಗೆಳೆಯ ರೊನಾಲ್ಡ್ ರೇಗನ್ ಪರ ನಿಂತರು. ಡಗ್ಲಸ್ ಡೆಮಾಕ್ರಟಿಕ್ ಪಕ್ಷದ ಒಲವಿನವರು.

ನಟನೆಯ ಕುರಿತೂ ಜಗಳವಿತ್ತು. 1956ರ 'ಲಸ್ಟ್ ಫಾರ್ ಲೈಫ್' ಚಿತ್ರದಲ್ಲಿ ಡಗ್ಲಸ್ ಚಿತ್ರಕಲಾವಿದ ವ್ಯಾನ್ ಗೋ ಪಾತ್ರ ಮಾಡಿದ್ದನ್ನು ನೋಡಿ ವೇಯ್ನ್ ಅಸಮಾಧಾನಗೊಂಡಿದ್ದರು. ಅಂಥ ದುರ್ಬಲನ ಪಾತ್ರ ಏಕೆ, ನಾವು ಗಟ್ಟಿಗರ ಪಾತ್ರಗಳನ್ನೇ ಮಾಡಬೇಕು ಎಂದು ಅವರು ವಾದಿಸಿದ್ದನ್ನು ಡಗ್ಲಸ್ ಮುಂದೆ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಲೋಮ್ಯಾಕ್ಸ್‌ನ ಉಂಗುರವನ್ನೂ ಮಿರುಗುವ ಉಡುಪನ್ನೂ ನೋಡುವಾಗ ನನಗೆ ಆ ಹಳೆಯ ವಾದ ಮುಂದುವರಿಯುತ್ತಿದೆ ಎನಿಸುತ್ತದೆ, ಈ ಬಾರಿ ಮಾತಿಲ್ಲದೆ, ಕ್ಯಾಮೆರಾದ ಎದುರಿಗೇ.

ಹೀಗಿದ್ದೂ ಇಬ್ಬರೂ ಮೂರು ವರ್ಷಗಳಲ್ಲಿ ಮೂರು ಚಿತ್ರ ಮಾಡಿದರು: 1965ರಲ್ಲಿ 'ಇನ್ ಹಾರ್ಮ್ಸ್ ವೇ', 1966ರಲ್ಲಿ 'ಕಾಸ್ಟ್ ಎ ಜೈಂಟ್ ಶ್ಯಾಡೊ', ಮೂರನೆಯದು ಇದು. ಎರಡನೆಯ ಚಿತ್ರ ಇಸ್ರೇಲ್ ಸೇನೆ ಕಟ್ಟಲು ಹೋದ ಅಮೆರಿಕದ ಕರ್ನಲ್ ಒಬ್ಬನ ಕಥೆ. ಡಗ್ಲಸ್ ನಾಯಕ, ವೇಯ್ನ್ ಸಣ್ಣ ಪಾತ್ರದಲ್ಲಿ ಕಾಣಿಸಿಕೊಂಡು, ತಮ್ಮ ಸಂಸ್ಥೆಯನ್ನೂ ಅದರ ನಿರ್ಮಾಣಕ್ಕೆ ಜೊತೆಗೂಡಿಸಿದರು. ಇವರು ರಾಜಕೀಯದಲ್ಲಿ ಒಂದಿಂಚೂ ಹತ್ತಿರ ಬರಲಿಲ್ಲ. ಬೆಳಗ್ಗೆ ಹೊತ್ತಿಗೆ ಸರಿಯಾಗಿ ಬಂದು ತನ್ನ ಮಾತು ಕಲಿತು ನಿಲ್ಲುವ ವೃತ್ತಿಪರನ ಮೇಲೆ ಇಬ್ಬರಿಗೂ ಗೌರವವಿತ್ತು, ಅದಕ್ಕಿಂತ ಹೆಚ್ಚಿನದನ್ನು ಪರಸ್ಪರ ಕೇಳಲಿಲ್ಲ. ಸಂಗೀತ ನೀಡಿದ ಡಿಮಿಟ್ರಿ ಟಿಯೋಮ್ಕಿನ್ ಕೂಡ ಇದೇ ಬಗೆಯ ಸೇತುವೆ. ವೇಯ್ನ್ ಕಟುವಾಗಿ ಜರೆದ 1952ರ 'ಹೈ ನೂನ್' ಚಿತ್ರಕ್ಕೆ ಸಂಗೀತ ಕೊಟ್ಟು ಆಸ್ಕರ್ ಗೆದ್ದವರೂ ಅವರೇ, ಅದಕ್ಕೆ ಉತ್ತರವಾಗಿ ವೇಯ್ನ್ ನಟಿಸಿದ 1959ರ 'ರಿಯೊ ಬ್ರಾವೊ'ಗೆ ಸಂಗೀತ ಕೊಟ್ಟವರೂ ಅವರೇ.

ಆರು ತಿಂಗಳು

ಕೊನೆಯ ದೃಶ್ಯಕ್ಕೆ ಬರೋಣ. ಚಿನ್ನ ಹೋಗಿದೆ, ಐವರಲ್ಲಿ ಒಬ್ಬ ಸತ್ತಿದ್ದಾನೆ, ಪಿಯರ್ಸ್ ಇಲ್ಲ. ಲೋಮ್ಯಾಕ್ಸ್‌ಗೆ ಲಕ್ಷದ ಆಸೆ ಉಳಿದಿಲ್ಲ. ಈಗ ಅವನ ಕೈಯನ್ನು ತಡೆದು ಹಿಡಿದಿದ್ದ ಲೆಕ್ಕವೇ ಅಳಿಸಿಹೋಗಿದೆ. ಹಳೆಯ ವೈರ ಮಾತ್ರ ಹಾಗೆಯೇ ಇದೆ. ಇಡೀ ಚಿತ್ರದಲ್ಲಿ ಜಾಕ್ಸನ್‌ಗೆ ಅತ್ಯಂತ ಅಪಾಯದ ಗಳಿಗೆ ಇದೇ, ಗ್ಯಾಟ್ಲಿಂಗ್ ಬಂದೂಕಿನ ಎದುರು ನಿಂತದ್ದಲ್ಲ.

ಆಗ ತಿಳಿಯುತ್ತದೆ, ಚಿನ್ನದಲ್ಲಿ ಒಂದಿಷ್ಟು ಜಾಕ್ಸನ್‌ನ ಬಳಿ ಉಳಿದಿದೆ. ಆದರೆ ಹಂಚಿಕೆ ಈಗಲ್ಲ. ಸದ್ದಡಗಬೇಕು, ಜನ ಮರೆಯಬೇಕು, ಆರು ತಿಂಗಳು ಕಾಯಬೇಕು. ಅಲ್ಲಿಯವರೆಗೆ ಜಾಕ್ಸನ್‌ಗೆ ಏನೂ ಆಗಬಾರದು, ಏನಾದರೂ ಆದರೆ ಲೋಮ್ಯಾಕ್ಸ್‌ನ ಪಾಲೂ ಹೋದಂತೆ. ಕೊಲ್ಲಬೇಕೆಂದಿದ್ದವನು ಈಗ ಅವನ ಆರೋಗ್ಯವನ್ನು ಕೇಳಿಕೊಂಡಿರಬೇಕು. ಡಗ್ಲಸ್‌ರ ಮುಖದ ಮೇಲೆ ಈ ಅರಿವು ಇಳಿಯುವ ಕ್ಷಣವನ್ನು ನಾನು ಎಷ್ಟು ಸಲ ನೋಡಿದರೂ ದಣಿಯುವುದಿಲ್ಲ.

ಶಾಂತಿಪರ್ವದ ಕಥೆ ಬಲೆ ಹರಿದ ಮೇಲೂ ಸ್ವಲ್ಪ ಮುಂದೆ ಹೋಗುತ್ತದೆ. ಬೇಡ ಬರಿಗೈಯಲ್ಲಿ ಹೊರಟ ನಂತರ ಮರದ ಮೇಲಿಂದ ಲೋಮಶ ಸವಿಮಾತಾಡುತ್ತದೆ, ಗೆಳೆಯನೆಂದು ಕರೆಯುತ್ತದೆ, ಬಾ ಎನ್ನುತ್ತದೆ. ಪಲಿತ ಬಿಲದ ಬಾಯಿಂದಲೇ ಉತ್ತರ ಕೊಡುತ್ತದೆ. ಕಾರಣವಿತ್ತು, ಗೆಳೆತನವಿತ್ತು, ಕಾರಣ ತೀರಿತು, ನಿನಗೀಗ ಹಸಿವಾಗಿದೆ, ನಾನು ನಿನ್ನ ಆಹಾರ. ಇಷ್ಟು ಹೇಳಿ ಅದು ಹೊರಬರುವುದಿಲ್ಲ.

ಆರು ತಿಂಗಳ ನಂತರ ಜಾಕ್ಸನ್ ಮತ್ತು ಲೋಮ್ಯಾಕ್ಸ್ ನಡುವೆ ಏನಾಯಿತೆಂದು ಚಿತ್ರ ಹೇಳುವುದಿಲ್ಲ. ವೇಯ್ನ್ ಮತ್ತು ಡಗ್ಲಸ್ ಮತ್ತೆಂದೂ ಒಂದೇ ಚಿತ್ರದಲ್ಲಿ ಒಟ್ಟಿಗೆ ನಟಿಸಲಿಲ್ಲ.